ಗುಲಾಬಿಗೆ ಬಂದ ಮಾವಾ

ಅಂಟುವಾಳದ ನೀರಿಗೆ ನಾಲ್ಕು ಹನಿ ಬೇವಿನೆಣ್ಣೆ ಬಿದ್ದಾಗ ಏಳುವ ಕಹಿ ವಾಸನೆ, ಎಷ್ಟು ತೊಳೆದರೂ ಉಗುರ ಸಂದಿ ಬಿಡುವುದಿಲ್ಲ. ಲಕ್ಷ್ಮೀ ನಗರದ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಂದು ಅದನ್ನು ಕಲಸುತ್ತಿದ್ದಾಗ ಧರಮಪೇಠದ ನಮ್ಮ ಬಾಡಿಗೆ ಮನೆಯ ಅಂಗಳ ಹಾಗೆಯೇ ಬಂದು ಎದುರು ನಿಂತಿತು: ನೀಲಿ ಬಣ್ಣ ಸುಲಿದ ಗೇಟು, ಗೋಡೆಗುಂಟ ಗುಲಾಬಿಯ ಸಾಲು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತ ಅವ್ವ. ಆ ಮನೆ ಈಗಿಲ್ಲ. ಅಲ್ಲಿ ಕಾರು ನಿಲ್ಲಿಸುತ್ತಾರೆ.

ರೈಲ್ವೆಯಲ್ಲಿದ್ದ ಅಪ್ಪನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ನಾವು ನಾಗಪುರಕ್ಕೆ ಬಂದಾಗ, ಈ ಕಡೆ ಅವ್ವನಿಗೆ ತನ್ನವರೆಂದು ಇದ್ದವನು ಅವಳ ಅಣ್ಣ ಒಬ್ಬನೇ. ಸಾವನೇರ್ ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ಕೆಲಸ. ನಮಗೆ ಅವನು ಮಾವ. ರವಿವಾರ ಬಸ್ಸಿಳಿದು ಬರುತ್ತಿದ್ದ. ಎಷ್ಟು ಮಿಂದರೂ ರೆಪ್ಪೆಯ ಬುಡದಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು ಉಳಿದಿರುತ್ತಿತ್ತು. ‘ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗ ಹೇಳು, ನಮ್ಮ ಮಾವ ದಿನಾ ಪಾತಾಳಕ್ಕ ಹೋಗಿ ಬರ್ತಾನಂತ’ ಎಂದು ನನ್ನನ್ನು ಕೆಣಕುತ್ತಿದ್ದ. ಗೇಟಿನ ಪಕ್ಕದ ಗುಲಾಬಿಯನ್ನು ಡಬ್ಬಿಯಲ್ಲಿ ತಂದು ನೆಟ್ಟವನೂ ಅವನೇ. ಆ ಹೂವಿನ ಎಸಳಿನಿಂದ ಅವ್ವ ಅವನ ಕೆಮ್ಮಿಗೆಂದು ಗುಲ್ಕಂದ ಮಾಡುತ್ತಿದ್ದಳು. ಒಂದು ಮಳೆಗಾಲ ಗಣಿಗೆ ನೀರು ನುಗ್ಗಿತು. ಕೆಲವರ ದೇಹ ಸಿಕ್ಕಿತು, ಮಾವನದು ಸಿಗಲಿಲ್ಲ. ಅಪ್ಪ ಕ್ರಿಯಾಕರ್ಮದ ಮಾತೆತ್ತಿದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಗುಲ್ಕಂದದ ಭರಣಿಯನ್ನು ಬಿಸಿಲಿಗಿಡುವುದನ್ನು ಮಾತ್ರ ಬಿಡಲಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಸುಮ್ ಕಾಕು ಗೇಟಿನ ಬಳಿಯಿಂದ ಕೂಗಿದರು: ‘ವಹಿನಿ, ಮಾವಾ ಆಲಾ ಹೋ.’ ಅವ್ವನಿಗೆ ಬರುತ್ತಿದ್ದ ಅಷ್ಟಿಷ್ಟು ಮರಾಠಿಯಲ್ಲಿ ‘ಆಲಾ’ ಎಂದರೆ ಬಂದ ಎಂಬುದು ಗೊತ್ತಿತ್ತು. ಒಲೆಯ ಮೇಲಿನ ಹಾಲು ಬಿಟ್ಟು ಬರಿಗಾಲಲ್ಲಿ ಓಡಿದಳು. ನಾನೂ ಹಿಂದೆ ಓಡಿದೆ. ಗೇಟಿನಾಚೆ ಯಾರೂ ಇರಲಿಲ್ಲ. ಕಾಕು ಒಂದು ಮೊಗ್ಗನ್ನು ಬಗ್ಗಿಸಿ ತೋರಿಸುತ್ತಿದ್ದರು. ಅದರ ತೊಟ್ಟಿನ ತುಂಬ ಎಳ್ಳಿಗಿಂತ ಸಣ್ಣ ಹಸಿರು ಹೇನು. ಮರಾಠಿಯಲ್ಲಿ ಗಿಡದ ಹೇನಿಗೆ ಮಾವಾ ಅನ್ನುತ್ತಾರೆಂದು ನಮಗೆ ತಿಳಿದದ್ದು ಹಾಗೆ. ‘ಎಲ್ಲಿ ಅದಾನ?’ ಎಂದು ಅವ್ವ ಕನ್ನಡದಲ್ಲೇ ಕೇಳಿದಳು. ಕಾಕುವಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ನಾನು ಅರೆಬರೆ ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ ಅವರು ಮತ್ತೆಂದೂ ನಮ್ಮ ಅಂಗಳದಲ್ಲಿ ಆ ಶಬ್ದ ಆಡಲಿಲ್ಲ.

ಅಪ್ಪ ಸಂಜೆ ಹೇನಿನ ಔಷಧದ ಶೀಶೆ ತಂದರು. ಅವ್ವ ಮುಚ್ಚಳ ತೆಗೆಯಗೊಡಲಿಲ್ಲ. ‘ಮಾವಾಗ ವಿಷ ಹಾಕೋದು ಅಂತ ಈ ಮನ್ಯಾಗ ಯಾರೂ ಅನಬ್ಯಾಡ್ರಿ’ ಎಂದಳು. ಅಂದಿನಿಂದ ಬೆಳಿಗ್ಗೆ ಪೈಪಿನ ನೀರನ್ನು ಎಲೆಯ ಅಡಿಗೆ ಜೋರಾಗಿ ಹೊಡೆದು ಹೇನು ಉದುರಿಸುವಳು, ಮುರುಟಿದ ಚಿಗುರು ಚಿವುಟುವಳು, ಬಿಸಿಲಿಳಿದ ಮೇಲೆ ಅಂಟುವಾಳ ಬೇವಿನ ನೀರು ಚಿಮುಕಿಸುವಳು. ಗೇಟಿನ ಗಿಡವೊಂದನ್ನು ಮಾತ್ರ ಮುಟ್ಟಲಿಲ್ಲ. ‘ಅಲ್ಲಿ ಬಂದದ್ದು ಬರ್ಲಿ ಬಿಡು.’ ಕೆಲ ವಾರಗಳಲ್ಲಿ ಅಲ್ಲಿಗೆ ಗುಲಗಂಜಿ ಹುಳಗಳು ಬಂದವು. ಕೆಂಪು ಬೆನ್ನು, ಕಪ್ಪು ಚುಕ್ಕೆ. ಅವು ಹೇನನ್ನು ಒಂದೊಂದಾಗಿ ತಿನ್ನುವುದನ್ನು ಅವ್ವ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ತೊಟ್ಟು ಪೂರಾ ಬರಿದಾದ ದಿನ ಭರಣಿ ತೊಳೆದು ಬೋರಲು ಹಾಕಿ, ಅಪ್ಪನಿಗೆ ಹೇಳಿದಳು: ‘ಭಟ್ಟರನ್ನ ಕರೀರಿ ಇನ್ನ.’

ಅವ್ವ ಹೋಗಿಯೂ ಬಹಳ ವರ್ಷವಾಯಿತು. ಇಂದು ಬೆಳಿಗ್ಗೆ ಕುಂಡದ ಗುಲಾಬಿ ನೋಡಿದ ಮಗಳು ಬಾಲ್ಕನಿಯಿಂದ ಕೂಗಿ ಹೇಳಿದ್ದೂ ಅದೇ: ‘ಆಯಿ, ಮಾವಾ ಆಲಾಯ್.’ ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. ನನ್ನ ತಮ್ಮನನ್ನೂ ಮರಾಠಿಯವರ ಹಾಗೆ ಮಾಮಾ ಎನ್ನುತ್ತಾಳೆ, ಮಾವ ಎನ್ನುವುದಿಲ್ಲ. ಆ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುವವರು ಈ ಮನೆಯಲ್ಲಿ ನಾನೊಬ್ಬಳೇ. ಬಾಲ್ಕನಿಗೆ ಹೋಗುವ ಮೊದಲು ಬಾಗಿಲ ಕಡೆ ನೋಡಿದೆ.