ಬಾಯಿಗೆ ಬಂದ ತಮಿಳು, ಕೈಗೆ ಬಾರದ ಡಿಗ್ರಿ

ಪ್ಲಸ್ ಟು ಪಾಸು ಮಾಡಿ ಈರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ದಿನ ನಾನು ಮತ್ತೆ ಒಂದನೇ ಕ್ಲಾಸಿನ ಮಗುವಾದೆ. ಬಸ್ಸಿನ ಹಣೆಯ ಮೇಲಿದ್ದ ತಮಿಳು ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೊರಟುಹೋಗುತ್ತಿತ್ತು. ಇದೇನು ಪರದೇಶವಲ್ಲ, ನನ್ನದೇ ಜಿಲ್ಲೆಯ ದೊಡ್ಡ ಊರು. ನಮ್ಮ ಗೆಟ್ಟವಾಡಿ ತಾಳವಾಡಿ ಬೆಟ್ಟದ ಮೇಲಿದ್ದರೂ ಸೇರಿರುವುದು ಈರೋಡು ಜಿಲ್ಲೆಗೆ. ಚಾಮರಾಜನಗರ ನಮಗೆ ಪಕ್ಕದ ಮನೆಯಿದ್ದಂತೆ. ಈರೋಡಿಗಾದರೆ ದಿಂಬಂ ಘಾಟಿ ಇಳಿದು, ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿಕೊಂಡು ಬರಬೇಕು. ನಾನು ಓದಿದ್ದು ಬೆಟ್ಟದ ಕನ್ನಡ ಶಾಲೆಯಲ್ಲಿ. ಅಲ್ಲಿ ತಮಿಳು ಪಾಠ ಹೆಸರಿಗಿತ್ತು, ಕಲಿಸುವವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ಸಸ್ಯಶಾಸ್ತ್ರದ ಡಿಗ್ರಿಗೆ ಸೇರಲು ಅಪ್ಪನ ಜೊತೆ ಕಾಲೇಜಿಗೆ ಹೋದೆ. ಇಲ್ಲಿ ಡಿಗ್ರಿ ಎಂದರೆ ಐದು ಭಾಗ. ಮೊದಲನೆಯದು ಒಂದು ಭಾಷೆ, ಆಮೇಲೆ ಇಂಗ್ಲಿಷ್, ಆಮೇಲೆ ನಾವು ಓದಬೇಕೆಂದು ಬಂದ ವಿಷಯ, ಅದರ ಹಿಂದೆ ಪರಿಸರ, ಮೌಲ್ಯ ಶಿಕ್ಷಣ ಅಂತ ಸಣ್ಣಪುಟ್ಟವು, ಕೊನೆಗೆ ಎನ್ನೆಸ್ಸೆಸ್ಸೋ ಆಟವೋ. ಐದು ಬೆರಳೂ ಕೂಡಿದರೇ ತುತ್ತು. ಯಾವುದೊಂದು ಬಾಕಿಯಾದರೂ ಡಿಗ್ರಿ ಕೊಡುವುದಿಲ್ಲ.

ಭಾಷೆಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಗುಮಾಸ್ತರು ತಲೆಯೆತ್ತದೆ "ತಮಿಳಾ, ಫ್ರೆಂಚಾ?" ಎಂದರು. ನನಗಿಂತ ಮುಂಚೆ ಅಪ್ಪನೇ ನಕ್ಕುಬಿಟ್ಟ. ಅವನು ಕೋಸು, ಬೆಳ್ಳುಳ್ಳಿ ತಂದು ಕೆಳಗಿನ ಮಂಡಿಗಳಲ್ಲಿ ತಮಿಳರ ಜೊತೆ ಚೌಕಾಸಿ ಮಾಡಿಯೇ ತಲೆ ನರೆಸಿಕೊಂಡವನು.

"ಫ್ರೆಂಚ್ ಕಟ್ಕಂಡು ಏನ್ಮಾಡಿಯವ್ವ? ತಮಿಳೇನ್ ನಮ್ಗ ಒಸದ? ಸಂತೇಲೂ ಅದೇಯ, ಬಸ್ಸಲ್ಲೂ ಅದೇಯ. ಸುಮ್ನ ತಮಿಳ ತಕ್ಕ" ಅಂದ.

ಬಸ್ಸಿನ ಬೋರ್ಡು ಆಗ ನೆನಪಿಗೆ ಬರಲಿಲ್ಲ, ನನಗೂ ಸರಿಯೆನಿಸಿತು. ಬೆಟ್ಟದವರು ಯಾರೇ ಆಗಿದ್ದರೂ ಹಾಗೆಯೇ ಹೇಳುತ್ತಿದ್ದರು. ಹುಟ್ಟಿದಾಗಿನಿಂದ ಎರಡು ಭಾಷೆ ಆಡುವವರಿಗೆ, ಅದರಲ್ಲೊಂದು ಬರೀ ಬಾಯಲ್ಲಿ ಮಾತ್ರ ಇದೆ ಎಂದು ಯಾಕೆ ಹೊಳೆಯುತ್ತದೆ ಹೇಳಿ?

ಹಾಸ್ಟೆಲಿನಲ್ಲಿ ನನ್ನ ರೂಮಿನವಳು ಮಂಜುಳಾ, ಅಚ್ಚ ತಮಿಳು ಹುಡುಗಿ. ಅವಳು ಫ್ರೆಂಚ್ ತೆಗೆದುಕೊಂಡಳು. ಅವಳಿಗೆ ಅ ಆ ಇ ಈಯಿಂದ ಶುರು ಮಾಡಿದರು, ನನಗೆ ಸಾವಿರಾರು ವರ್ಷದ ಹಿಂದಿನ ಪದ್ಯದಿಂದ. ಅವಳು "ನನ್ನ ಹೆಸರು ಮಂಜುಳಾ" ಎಂದು ಫ್ರೆಂಚಿನಲ್ಲಿ ಬರೆದು ಒಳ್ಳೆಯ ಅಂಕ ತಂದಳು. ತಮಿಳು ಅಮ್ಮ, ಅಂದರೆ ತಮಿಳು ಕಲಿಸುವ ಮೇಡಂ, ನನ್ನ ಉತ್ತರವನ್ನು ಓದಿ ಕನ್ನಡಕ ತೆಗೆದರು. "ಇದು ಸಂದೈ ತಮಿಳ್‌ಮಾ" ಅಂದರು. ಸಂತೆಯ ತಮಿಳು ಎಂದರ್ಥ. ಬೈಯಲಿಲ್ಲ, ಪಾಪ. ಬೈದಿದ್ದರೆ ಚೆನ್ನಾಗಿತ್ತು. ಫ್ರೆಂಚಿಗೆ ಬದಲಿಸಿಕೊಡಿ ಎಂದು ಬೇಡಿಕೊಂಡೆ. ನಡುವೆ ಬದಲಿಸಲು ಬರುವುದಿಲ್ಲವಂತೆ.

ಸಸ್ಯಶಾಸ್ತ್ರದಲ್ಲಿ ಕ್ಲಾಸಿಗೇ ಮುಂದಿದ್ದೆ. ಬೇರೆ ತಮಿಳು ಪೇಪರುಗಳನ್ನು ಉರು ಹೊಡೆದು ಹೇಗೋ ದಾಟಿದೆ. ಒಂದು ಮಾತ್ರ ಉಳಿದುಬಿಟ್ಟಿತು. ಹೀಗೆ ಉಳಿದ ಪೇಪರಿಗೆ ಇಲ್ಲಿ 'ಅರಿಯರ್' ಅನ್ನುತ್ತಾರೆ. ಜೊತೆಯವರು ಕಪ್ಪು ಗೌನು ಹಾಕಿಕೊಂಡು ಫೋಟೊ ತೆಗೆಸಿಕೊಂಡು ಹೊರಟುಹೋದರು. ನಾನು ಅರಿಯರ್ ಕಟ್ಟಿಕೊಂಡು ಇಲ್ಲೇ ಉಳಿದೆ. ಬೆಡ್‌ಶೀಟ್ ಅಂಗಡಿಯಲ್ಲಿ ಬಿಲ್ಲು ಹಾಕುತ್ತೇನೆ, ಪರೀಕ್ಷೆ ಬಂದಾಗ ಹೋಗಿ ಬರೆಯುತ್ತೇನೆ, ಫೇಲಾಗುತ್ತೇನೆ. ಡಿಗ್ರಿ ಸಿಕ್ಕಿದರೆ ಬಿ.ಎಡ್. ಮಾಡಿ, ನಾನು ಓದಿದ ಶಾಲೆಗೇ ವಿಜ್ಞಾನದ ಟೀಚರಾಗಿ ಹೋಗಬೇಕು. ಬೇರೆ ಆಸೆಯೇನೂ ನನಗಿಲ್ಲ.

ಒಮ್ಮೆ ಚಾಮರಾಜನಗರದ ಕಡೆಯ ಕಾಲೇಜೊಂದಕ್ಕೂ ಹೋಗಿ ಕೇಳಿದ್ದೆ. ನನ್ನ ಕನ್ನಡ ಕೇಳಿ ಅಲ್ಲಿನವರು ಕುರ್ಚಿ ಕೊಟ್ಟರು. ಅಂಕಪಟ್ಟಿ ನೋಡಿದ ಮೇಲೆ "ನೀವು ತಮಿಳ್ನಾಡ್ನೋರು ಕಣಮ್ಮ, ಮೊದಲ್ನೇ ವರ್ಷದಿಂದ್ಲೇ ಸೇರ್ಬೇಕಾಯ್ತದೆ" ಅಂದರು. ಈರೋಡಿನಲ್ಲಿ ಮನೆ ಬಾಡಿಗೆಗೆ ಕೇಳಿದಾಗ ಮನೆಯ ಪಾಟಿ, ಅಂದರೆ ಅಜ್ಜಿ, ಊರು ಕೇಳಿದ್ದರು. ತಾಳವಾಡಿ ಎಂದದ್ದೇ "ಓ, ಕರ್ನಾಟಕಾವಾ?" ಅಂದರು. ನಿಮ್ಮದೇ ಜಿಲ್ಲೆ ಪಾಟಿ ಎಂದರೆ ಇವತ್ತಿಗೂ ನಂಬಿಲ್ಲ.

ಆದರೂ ಪಾಟಿ ಒಳ್ಳೆಯವರು. ಅವರ ಕಣ್ಣು ಮಂಜಾಗಿದೆ, ವಾರಪತ್ರಿಕೆಯ ಧಾರಾವಾಹಿ ನಾನೇ ಓದಿ ಹೇಳಬೇಕು. ಮೊದಮೊದಲು ನಾನು ತೊದಲುವುದಕ್ಕೇ ನಗುತ್ತಿದ್ದರು. ಈಚೆಗೊಂದು ಸಂಜೆ, ಕಥೆಯಲ್ಲಿ ಅತ್ತೆ ಸೊಸೆಗೆ ಕೊಟ್ಟ ಉತ್ತರಕ್ಕೆ ನಕ್ಕರು. ಅಂದು ನಾನು ಸಂತೋಷಕ್ಕೆ ರಾಗಿ ಹಿಟ್ಟು, ಅಂದರೆ ಮುದ್ದೆ, ತಿರುವಿ ಹುರುಳಿಸಾರು ಮಾಡಿದೆ. ಅವರು ಹಿಟ್ಟನ್ನು ಅನ್ನದಂತೆ ಅಗಿದು ಅಗಿದು, "ಎಪ್ಪಡಿಮ್ಮಾ ತಿನ್ನುರೀಂಗ?" ಎಂದು ನನ್ನ ಮುಖ ನೋಡಿದರು. ಹೇಗೆ ತಿನ್ನುತ್ತೀರಮ್ಮ ಇದನ್ನ ಎಂದು. ನುಂಗಬೇಕು ಪಾಟಿ ಎಂದೆ.

ಅರಿಯರ್ ಬರೆಯಲು ಕೊಟ್ಟ ಗಡುವು ಈ ಸಲಕ್ಕೆ ಮುಗಿಯಿತು. ಪರೀಕ್ಷೆ ಬರೆದು ಬಂದಿದ್ದೇನೆ. ಪದ್ಯದ ಪ್ರಶ್ನೆಗೆ ಬರೆದದ್ದು ಸರಿಯೋ ತಪ್ಪೋ ತಿಳಿಯದು. ಇದೂ ಹೋದರೆ ಅಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅನ್ನ ಸೇರುವುದಿಲ್ಲ. ಊರಿಗೆ ಹೋಗೋಣವೆಂದರೆ, ಬಸ್ಸಿಳಿಯುತ್ತಲೇ "ಪಾಸಾಯ್ತವ್ವ?" ಅನ್ನುವವರಿಗೆ ಯಾವ ಮುಖ ತೋರಿಸಲಿ?

ಹೀಗಿರುವಾಗ ಮೊನ್ನೆ ಅಣ್ಣ ಫೋನು ಮಾಡಿದ. ಅವನ ಮಗಳನ್ನು ಈ ವರ್ಷ ಶಾಲೆಗೆ ಸೇರಿಸಬೇಕು.

"ನಮ್ಮ ಕನ್ನಡ ಇಸ್ಕೂಲ್ಗೇ ಆಕ್ಬುಡನ ಅಂತಿವ್ನಿ ಕಣವ್ವ. ಎಂಗೂ ನೀನು ಅಲ್ಗೇ ಟೀಚರಾಗಿ ಬತ್ತಿಯಲ್ಲ" ಅಂದ.

"ಬ್ಯಾಡ ಕಣಣ್ಣ" ಎಂದೆ. ನನ್ನ ಬಾಯಿಂದ ಬಂದದ್ದಕ್ಕೆ ನಾನೇ ಬೆಚ್ಚಿದೆ. "ತಮಿಳ್ ಇಸ್ಕೂಲ್ಗ ಸೇರ್ಸು."

ಅತ್ತ ಕಡೆ ಮಗು ಏನೋ ಹಾಡಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು, ಕನ್ನಡದಲ್ಲೇ.

"ಎಲ್ರೂ ಇಂಗೇ ಅಂದ್ರ, ನೀನ್ ಬಂದು ಯಾರ್ಗವ್ವ ಪಾಟ ಮಾಡಿಯೆ?" ಅಂದ ಅಣ್ಣ.