ಚೀಲಕ್ಕೊಂದು ಓಟ

ಮೊನ್ನೆ ಧಾರವಾಡಕ್ಕೆ ಹೋಗುವಾಗ ಅಮರಗೋಳದ ಮಾರುಕಟ್ಟೆಯ ಹತ್ತಿರ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಸೀನು ಬರಬೇಕಿತ್ತು. ನನಗೆ ಸಿಟ್ಟು ಬಂತು.

ಎರಡು ಸಾವಿರದ ದಶಕದ ಮಾತು. ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಹೊಸಬ; ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಗುಂಗು ಇನ್ನೂ ಇಳಿದಿರಲಿಲ್ಲ. ನನಗೆ ಕೆಲಸ ಕಲಿಸಿದವರು, ಎಲ್ಲರೂ ಅಕ್ಕಾರು ಎಂದು ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ. ದಲಾಲಿ ಅಂಗಡಿಗಳಿಗಾಗಿ ಅವರು ಬರೆದ ಪ್ರೋಗ್ರಾಂ ರೈತರ ಹೆಸರು, ಅವರವರ ಮೆಣಸಿನಕಾಯಿ ಚೀಲಗಳ ಲೆಕ್ಕ ತೋರಿಸುತ್ತಿತ್ತು. ಈ ಲೆಕ್ಕವೆಲ್ಲ ಕೂಡಿಟ್ಟ ಡೇಟಾಬೇಸಿಗೆ ನಾವು ಪ್ರಶ್ನೆ ಬರೆಯುವುದೇ ಬೇಡ, ನಡುವೆ ನಿಂತು ತಾನೇ ಬರೆದುಕೊಳ್ಳುವ ಹೊಸ ಸಾಧನ ಬಂದಿದೆ ಎಂದು ಕಚೇರಿಯ ಮಾಲೀಕ ಹಟ ಹಿಡಿದು ಅದನ್ನು ಹಾಕಿಸಿದ್ದ.

"ಹೆಸರು ಒಮ್ಮೆಲೇ ಬರ್ತಾವು ತಮ್ಮಾ, ಚೀಲ ಬಂದಿರೂದಿಲ್ಲ," ಅಕ್ಕಾರು ನನಗೆ ಹೇಳಿದ್ದರು. "ಒಬ್ಬೊಬ್ಬ ರೈತನ ಚೀಲ ಮುಟ್ಟಿದಾಗೊಮ್ಮೆ ಇದು ಮತ್ತ ಡೇಟಾಬೇಸಿಗೆ ಓಡತೈತಿ. ಹಮಾಲ ಒಂದೊಂದ ಚೀಲಕ್ಕ ಗೋದಾಮಿಗೆ ಹೋಗಿಬಂದಂಗ." ಎರಡನ್ನೂ ಮೊದಲೇ ಒಟ್ಟಿಗೆ ಕೇಳುವಂತೆ ತಿದ್ದಬೇಕು, ಒಂದು ದಿನ ಕೊಡಿ ಎಂದು ಮಾಲೀಕನನ್ನೂ ಕೇಳಿದರು.

ಆತ ಒಬ್ಬ ರೈತನ ಹೆಸರು ಒತ್ತಿದ. ಚೀಲಗಳು ತಟ್ಟನೆ ಬಂದವು. "ಎಲ್ಲಿ ತಡಾ ಆತ್ರಿ ಮೇಡಂ? ನಾಳೆ ವ್ಯಾಪಾರಿಗಳಿಗೆ ತೋರಸೂದು, ಅಷ್ಟ."

ಒಂದು ಅಗುಳು ಹಿಚುಕಿ ಅನ್ನ ಬೆಂದಿದೆ ಎನ್ನಬಹುದು. ಹಮಾಲನೊಬ್ಬ ಒಮ್ಮೆ ಹೋಗಿಬಂದದ್ದನ್ನು ನೋಡಿ ಲಾರಿ ತುಂಬಿತು ಎನ್ನಬಹುದೇ?

ಮರುದಿನ ವ್ಯಾಪಾರಿಗಳ ಮುಂದೆ ಇಡೀ ಹಂಗಾಮಿನ ರೈತರನ್ನು ಒಮ್ಮೆಗೇ ತೆರೆದ. ಪರದೆ ನಿಂತಿತು... ನಿಂತೇ ಇತ್ತು.

"ನಿಮ್ಮ ಕಂಪ್ಯೂಟರ್ ಉಂಡು ಮಲಗೇತೇನ್ರಿ?" ಒಬ್ಬ ವ್ಯಾಪಾರಿ ನಕ್ಕ.

ಮಾಲೀಕ ಅಕ್ಕಾರತ್ತ ಬೆರಳು ಮಾಡಿದ. "ಇವ್ರ ಕೆಲಸರಿ ಇದು. ನಾಳೆಯಿಂದ ಇವ್ರು ಇರೂದಿಲ್ಲ."

ನಾನು ವಾದಕ್ಕೆ ನಿಂತೆ. "ಡಿಬೇಟ್ ಕಾಲೇಜಿನ್ಯಾಗ ಮಾಡು," ಎಂದ. ಅಕ್ಕಾರು ಬುತ್ತಿ ಡಬ್ಬಿ ಎತ್ತಿಕೊಂಡು ಹೋದರು. ಅವರು ಹೇಳಿದ್ದ ತಿದ್ದುಪಡಿಯನ್ನೇ ಇನ್ನೊಬ್ಬನಿಂದ ಮಾಡಿಸಿ, ಆ ಪುಣ್ಯಾತ್ಮ ಅದೇ ವಾರ ಪ್ರೋಗ್ರಾಂ ಮಾರಿದ. ಇದನ್ನು ಕಳವು ಎನ್ನದೆ ಏನೆನ್ನಬೇಕು? ಆದರೆ ಊರಲ್ಲಿ ಹಬ್ಬಿದ್ದು ಅಕ್ಕಾರ ತಪ್ಪಿನ ಮಾತು. ಬೇರೆ ಯಾವ ಕಚೇರಿಯೂ ಅವರನ್ನು ಕರೆಯಲಿಲ್ಲ.

ಮೊನ್ನೆ ನಾನು ಹೊರಟಿದ್ದು ಧಾರವಾಡದ ಲಕಮನಹಳ್ಳಿಯ ಅವರ ಮನೆಗೇ. ಅಕ್ಕಾರು ತೀರಿಕೊಂಡ ಸುದ್ದಿ ಬಂದಿತ್ತು. ಹೇಗೆ ಪರಿಚಯ ಎಂದು ಮಗಳು ಕೇಳಿದಳು; ಕಚೇರಿಯ ಸುದ್ದಿ ಹೇಳಿದೆ.

"ಅವ್ವ ಕಂಪ್ಯೂಟರ್ ಕೆಲಸ ಮಾಡತಿದ್ಳೇನ್ರಿ? ನಮಗ ಒಮ್ಮೇನೂ ಹೇಳಿಲ್ಲ."

"ಮಾಡತಿದ್ರವಾ. ನನಗ ಕಲಿಸಿದವ್ರ ಅವ್ರು."

"ಮತ್ಯಾಕ ಬಿಟ್ಳು?"

ಮಾಲೀಕನ ಹೆಸರು ಹೇಳಿದೆ, ಮಾತಾಡಿಸಲು ಬಂದು ಅಂಗಳದಲ್ಲಿ ಕುಳಿತವರಿಗೂ ಕೇಳುವಷ್ಟು ಗಟ್ಟಿಯಾಗಿ.