ಎತ್ತು ಮಲಗಿದ ಹೊಲ

ತೆರಕಣಾಂಬಿಯ ಚಿಕ್ಕಮಲ್ಲಪ್ಪ ಸತ್ತ ಎತ್ತಿಗೆ ಮನೆಯ ಹಿರಿಯನಂತೆ ವಿಭೂತಿ ಬಳಿದು, ಇದ್ದ ಒಂದೇ ಹೊಲದಲ್ಲಿ ಮಣ್ಣು ಮಾಡಿದ್ದ. ಅದರ ಮೂಗಿನಿಂದ ಸುರಿದ ರಕ್ತವೂ ಆ ಮಣ್ಣಿಗೇ ಸೇರಿತ್ತು.

ಎತ್ತಿನ ಕಿವಿಯಿಂದ ರಕ್ತ ತೆಗೆದುಕೊಂಡು ಹೋಗಿದ್ದ ಗುಂಡ್ಲುಪೇಟೆಯ ದನದ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ನೀಲಿ ಕಡ್ಡಿಗಳು, ಸುತ್ತ ಗುಲಾಬಿ ಕವಚ.

"ಕಡ್ಡಿ ಜಾತಿಯ ಕ್ರಿಮಿ, ನೆರಡಿ ರೋಗದ್ದು, ಅದೇ ಆಂಥ್ರಾಕ್ಸ್. ರಕ್ತದಲ್ಲಿ ಈ ಕವಚ ಅದನ್ನ ಕಾಯುತ್ತೆ. ಮಣ್ಣಿಗೆ ಬಿದ್ದರೆ ಗಟ್ಟಿ ಚಿಪ್ಪು ಕಟ್ಕೊಂಡು ಕೂರುತ್ತೆ. ಆ ಹೊಲ ಉಳಬಾರದು, ಅಲ್ಲಿನ ಹುಲ್ಲನ್ನ ದನ ಮುಟ್ಟಬಾರದು."

"ಎಷ್ಟ್ ವರ್ಸ ಬುದ್ಧಿ?"

"ನಿನ್ನ ಕಾಲ ಮುಗಿದರೂ ಅದರದು ಮುಗಿಯಲ್ಲ."

ಚಿಕ್ಕಮಲ್ಲಪ್ಪ ಹೊಲಕ್ಕೆ ಮುಳ್ಳುಬೇಲಿ ಹಾಕಿದ. ಹಗ್ಗ ಬಿಚ್ಚಿದರೆ ಸಾಕು, ಸತ್ತದ್ದರ ಜೋಡಿಯಾಗಿದ್ದ ಇನ್ನೊಂದು ಎತ್ತು ಬೇಲಿಗೆ ಮೈಯೊಡ್ಡಿ ಕೂಗುತ್ತಿತ್ತು. ಕೊನೆಗೆ ಬಿಚ್ಚುವುದನ್ನೇ ಬಿಟ್ಟ.

"ಸುಮ್ಕಿರ್ಲಾ, ನಾನ್ ಮಾತ್ರ ಎಲ್ಲಿಗ್ ಓಗ್ಲಿ?" ಎಂದು ಅದರ ಗೂಟದ ಪಕ್ಕದಲ್ಲೇ ಕೂತುಬಿಟ್ಟ.